ಇಪ್ಪತ್ತೇಳನೇ ನಂಬರಿನ ಮಶೀನು

ಮಾರ್ಚ್ 4, 2025, ಮಂಗಳವಾರ. ಡ್ಯಾಂಡಿನಾಂಗ್

ಗುರುದತ್ತ ಮೆಲ್ಬೋರ್ನಿಗೆ ಬಂದಿದ್ದಾನೆ.

ಬೆಳಿಗ್ಗೆ ಎಂಟಕ್ಕೆ ಜೆನಿಸ್ ಫೋನ್ ಮಾಡಿದಳು. ಸ್ಟೇಶನ್ ಹತ್ತಿರದ ಕ್ಲಬ್ಬಿನಲ್ಲಿ ಅವಳು ಡ್ಯೂಟಿ ಮ್ಯಾನೇಜರ್. ಮಂಗಳೂರಿನವಳು, ಈ ಊರಿನಲ್ಲಿ ನನಗಿರುವ ಒಬ್ಬಳೇ ಗೆಳತಿ. "ಇಪ್ಪತ್ತೇಳನೇ ಮಶೀನ್ ಹಠ ಹಿಡಿದು ಕೂತಿದೆ ಮಾರಾಯ್ತಿ. ನಿನ್ನೆ ಮಶೀನ್ ಕಂಪನಿಯವರು ಬಂದು ಮೆಮೊರಿ ರೀಸೆಟ್ ಮಾಡಿ ಹೋದ್ರು. ಈಗ ಒಂದು ಎರರ್ ಹೋದ್ರೆ ಇನ್ನೊಂದು. ಹತ್ತಕ್ಕೆ ಓಪನ್ ಮಾಡ್ಬೇಕು, ಬೇಗ ಬಾ."

ಆ ಕ್ಲಬ್ಬಿನ ಜೂಜಿನ ಮಶೀನುಗಳ ಪ್ರಿಂಟರು, ನೋಟ್ ರೀಡರು ರಿಪೇರಿ ಮಾಡುವುದು ಮಾತ್ರ ನಾನಿರುವ ಕಂಪನಿಯ ಕೆಲಸ. ಒಳಗಿನ ಬೋರ್ಡು ಮಶೀನು ಮಾರಿದವರದ್ದು. ಆದರೂ ಜೆನಿಸ್ ಕರೆದಳು ಅಂತ ಹೋದೆ.

ಬಾಗಿಲು ಮುಚ್ಚಿದ್ದರೂ ಸ್ಕ್ರೀನಿನ ಮೇಲೆ 'ಡೋರ್ ಓಪನ್' ಅಂತಿತ್ತು. ರೀಸೆಟ್ ಆದ ಮೇಲೆ ಒಂದೊಂದು ಬಾಗಿಲನ್ನೂ ಒಮ್ಮೆ ತೆಗೆದು ಮುಚ್ಚಬೇಕು, ಆಗಲೇ ಅದಕ್ಕೆ ತಿಳಿಯುವುದು. ತೆಗೆದು ಮುಚ್ಚಿದೆ. 'ನೋಟ್ ರೀಡರ್ ನಾಟ್ ಫೌಂಡ್' ಬಂತು. ಸೆಟಪ್ಪಿನಲ್ಲಿ ಮಾಡೆಲ್ ಯಾವುದು ಅಂತ ಹಾಕೇ ಇರಲಿಲ್ಲ. ಹಾಕಿದೆ. ಆಮೇಲೆ ಎಲ್ಲ ಮಶೀನುಗಳ ಲೆಕ್ಕ ಇಡುವ ಸೆಂಟ್ರಲ್ ಕಂಪ್ಯೂಟರ್ ಜೊತೆ ಸಂಪರ್ಕ ಇಲ್ಲ ಅಂತ ತೋರಿಸಿತು. ಅದಕ್ಕೆ ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ನೋಡಿದರೆ ಮಶೀನಿನ ನಂಬರನ್ನೇ 27ರ ಬದಲು 72 ಅಂತ ಕೊಟ್ಟಿದ್ದಾರೆ. ಯಾವ ಕುರುಡ ಮಾಡಿದ ಕೆಲಸ ಇದು ಅಂತ ಬೈದುಕೊಂಡೇ ಲಾಗ್ ಬುಕ್ ತೆಗೆದೆ.

ಗುರುದತ್ತನ ಅಕ್ಷರ. ಏಳರ ಸೊಂಟಕ್ಕೆ ಅಡ್ಡಗೀಟು, ಸಹಿಯ ಕೆಳಗೆ ಎರಡು ಚುಕ್ಕೆ. ನಾಲ್ಕು ವರ್ಷ ದಿನಾ ನೋಡಿದ ಅಕ್ಷರ ಅದು. ಪುಸ್ತಕ ಹಿಡಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಜೆನಿಸ್ ಬಂದು, "ಶುಗರ್ ಲೋ ಆಯ್ತಾ? ಜ್ಯೂಸ್ ತರ್ಲಾ?" ಅಂದಳು.

ಮಾರ್ಚ್ 5, ಬುಧವಾರ

ನಿದ್ದೆ ಬರಲಿಲ್ಲ. ಒಮ್ಮೆ ಇಲ್ಲಿ ಬರೆದು ಹಾಕಿಬಿಡುತ್ತೇನೆ, ತಲೆಯಲ್ಲಿ ಸುತ್ತುವುದಾದರೂ ನಿಂತೀತು.

ಸಿಡ್ನಿಯಲ್ಲಿ ಗುರುದತ್ತ ನನಗೆ ಸೂಪರ್‌ವೈಸರ್. ಮೈಸೂರಿನವನು. ಕೆಲಸ ಕಲಿಸಿದವನೂ ಅವನೇ, ಅದನ್ನು ಇಲ್ಲ ಅನ್ನುವುದಿಲ್ಲ. 2022ರ ನವೆಂಬರ್. ಮಗಳು ಆದ್ಯಾಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. "ಹೋಗ್ಬನ್ನಿ ಅನಸೂಯ, ನಿಮ್ಮ ಬದಲು ನಾನಿರ್ತೀನಿ" ಅಂದ. ಬಾಯಿಮಾತು, ಎಲ್ಲೂ ಬರೆಯಲಿಲ್ಲ. ಅವತ್ತೇ ಬ್ಲ್ಯಾಕ್‌ಟೌನ್ ಕಡೆಯ ಒಂದು ಪಬ್ಬಿನಲ್ಲಿ, ಮುದುಕರೊಬ್ಬರು ದೊಡ್ಡದಾಗಿ ಗೆದ್ದ ಹೊತ್ತಿಗೆ ಮಶೀನು ಹ್ಯಾಂಗ್ ಆಯಿತು. ಇವನು ಹೋಗಿ, ಮಶೀನು ತೋರಿಸುವ ಲೆಕ್ಕದ ರೀಡಿಂಗ್ ಬರೆಯದೆ, ಫೋಟೋ ತೆಗೆಯದೆ ಮೆಮೊರಿ ಅಳಿಸಿದ. ಗೆದ್ದದ್ದಕ್ಕೆ ಗುರುತೇ ಇಲ್ಲ. ಮುದುಕರು ಕಂಪ್ಲೇಂಟ್ ಕೊಟ್ಟರು. ಲಾಗ್ ಬುಕ್ಕಿನಲ್ಲಿ ಇವನು ಬರೆದಿದ್ದದ್ದು ನನ್ನ ಹೆಸರು.

ವಿಚಾರಣೆಯಲ್ಲಿ ನನ್ನ ಮುಖ ನೋಡಿಕೊಂಡೇ ಹೇಳಿದ: "ಅವತ್ತು ಡ್ಯೂಟಿ ಅವರದ್ದೇ."

ಮಶೀನು ರಿಪೇರಿಯ ಲೈಸೆನ್ಸ್ ಉಳಿಯಿತು, ಹೆಸರು ಉಳಿಯಲಿಲ್ಲ. ಸಿಡ್ನಿಯಲ್ಲಿ ಯಾರೂ ಕೆಲಸ ಕೊಡಲಿಲ್ಲ. ನಮ್ಮವರದು ಅಲ್ಲಿ ಬಸ್ ಓಡಿಸುವ ಕೆಲಸ, ಪೆಂಡಲ್ ಹಿಲ್ಲಿನಲ್ಲಿ ಮನೆ, ಅದರ ಮಾರ್ಟ್‌ಗೇಜು, ಆದ್ಯಾಳ ಸ್ಕೂಲು. ನಾನೊಬ್ಬಳೇ ಇಲ್ಲಿಗೆ ಬಂದೆ. ಎರಡು ವರ್ಷವಾಯಿತು. ಮಗಳು ದೊಡ್ಡವಳಾದದ್ದನ್ನು ನಾನು ಫೋನಿನಲ್ಲಿ ಕೇಳಿದೆ. ಆರತಿ ಮಾಡಿದವರು ಪಕ್ಕದ ಮನೆಯ ಆಂಟಿ.

ಅವನನ್ನು ಬಿಡುವುದಿಲ್ಲ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಕ್ಲೀನರ್ ವ್ಯಾಕ್ಯೂಮ್ ಹಾಕಿದ್ದಕ್ಕೆ 27 ಇರುವ ಸಾಲಿನ ಕರೆಂಟು ಟ್ರಿಪ್ ಆಯಿತಂತೆ. ಬೇರೆ ಮಶೀನುಗಳೆಲ್ಲ ಎದ್ದು ನಿಂತವು, 27 ಮಾತ್ರ 'ಮೆಮೊರಿ ಎರರ್' ಅಂತ ಮಲಗಿತು. ಮತ್ತೆ ಜೆನಿಸ್‌ಳ ಫೋನು.

ಇದು ಸೆಟಪ್ಪಿನ ತಪ್ಪಲ್ಲ ಅಂತ ಗೊತ್ತಾಯಿತು. ಕರೆಂಟು ಹೋದಾಗ ಮೆಮೊರಿ ಕಾಪಾಡಲಿಕ್ಕೆ ಬೋರ್ಡಿನ ಮೇಲೊಂದು ಪುಟ್ಟ ಬ್ಯಾಟರಿ ಇರುತ್ತದೆ, ಬಿಲ್ಲೆಯ ಗಾತ್ರದ್ದು. ಜೆನಿಸ್‌ಳನ್ನು ಎದುರಿಗೆ ನಿಲ್ಲಿಸಿಕೊಂಡು ಸೀಲು ಒಡೆದೆ, ಮೀಟರ್ ಇಟ್ಟೆ. ಮೂರು ವೋಲ್ಟ್ ಇರಬೇಕಾದ ಕಡೆ ಎರಡೂ ಇಲ್ಲ. ಸತ್ತಿದೆ. ಎಷ್ಟು ಸಲ ರೀಸೆಟ್ ಮಾಡಿದರೂ ಅಷ್ಟೇ, ಮುಂದಿನ ಸಲ ಕರೆಂಟು ಹೋದರೆ ಮತ್ತೆ ಎಲ್ಲ ಅಳಿಸಿಹೋಗುತ್ತದೆ.

ಹೊಸ ಬ್ಯಾಟರಿ ನನ್ನ ಬ್ಯಾಗಿನಲ್ಲೇ ಇತ್ತು. ಹತ್ತು ನಿಮಿಷದ ಕೆಲಸ.

"ಏನಾದ್ರೂ ಸಿಕ್ತಾ?" ಅಂದಳು ಜೆನಿಸ್.

"ಇಲ್ಲ. ಅವರನ್ನೇ ಕರೆಸು, ಬೋರ್ಡು ಅವರದ್ದಲ್ವಾ?"

ಹೊಸ ಸೀಲು ಅಂಟಿಸಿ, ತಾರೀಖು, ನನ್ನ ಇನಿಶಿಯಲ್ ಹಾಕಿದೆ. ಲಾಗ್ ಬುಕ್ಕಿನಲ್ಲಿ 'ನೋಡಲಾಯಿತು' ಅಂತ ಮಾತ್ರ ಬರೆದೆ. ಸುಳ್ಳಲ್ಲ, ನೋಡಿದ್ದು ನಿಜ. ಬರಲಿ ಅವನು. ಬಂದು ಮತ್ತೆ ರೀಸೆಟ್ ಮಾಡಲಿ. ಅವನ ಹಳ್ಳ ಅವನೇ ತೋಡಿಕೊಳ್ಳಲಿ, ನಾನು ಮಣ್ಣು ಎತ್ತಿ ಹಾಕುತ್ತೇನೆ.

ಮಾರ್ಚ್ 13, ಗುರುವಾರ

ಬಂದಿದ್ದನಂತೆ. ಎರಡನೇ ಸಲ ರೀಸೆಟ್ ಮಾಡಿದ್ದಾನೆ. ಅಳಿಸುವ ಮುಂಚಿನ ರೀಡಿಂಗ್ ಈ ಸಲವೂ ಬರೆದಿಲ್ಲ. ಪುಟದ ಫೋಟೋ ತೆಗೆದಿಟ್ಟುಕೊಂಡೆ.

ಮಾರ್ಚ್ 18, ಮಂಗಳವಾರ

ಇವತ್ತು ಎದುರಾದ. ನಾನು ಹತ್ತನೇ ಮಶೀನಿನ ಪ್ರಿಂಟರ್ ಬಿಚ್ಚುತ್ತಿದ್ದೆ. ಬೆನ್ನ ಹಿಂದಿನಿಂದ, "ಏನಮ್ಮಾ ಅನಸೂಯ, ಚೆನ್ನಾಗಿದ್ದೀರಾ?" ಮೊನ್ನೆ ಮೊನ್ನೆ ಮದುವೆಮನೆಯಲ್ಲಿ ಸಿಕ್ಕವನ ಹಾಗೆ.

ಕೂದಲೆಲ್ಲ ಬೆಳ್ಳಗಾಗಿದೆ. ಸಿಡ್ನಿಯ ಕಂಪನಿಯವರು ಕಳೆದ ವರ್ಷ ತೆಗೆದುಹಾಕಿದರಂತೆ. ಇಲ್ಲಿ ಕಾಂಟ್ರಾಕ್ಟ್ ಕೆಲಸ, ಕ್ರೇಗಿಬರ್ನಿನಲ್ಲಿ ಯಾರದೋ ಮನೆಯ ಒಂದು ರೂಮಿನಲ್ಲಿ ಬಾಡಿಗೆಗಿದ್ದಾನೆ. ಇದನ್ನೆಲ್ಲ ನಾನು ಕೇಳಲಿಲ್ಲ, ಅವನೇ ಹೇಳಿದ. ಮೊಬೈಲಿನ ಟಾರ್ಚ್ ಹಾಕಿಕೊಂಡು, ಸೆಟಪ್ ಪುಸ್ತಕವನ್ನು ಮೂಗಿನ ಹತ್ತಿರ ತಂದುಕೊಂಡು ಓದುತ್ತಿದ್ದ.

"ಈ 27 ಯಾಕೋ ಪದೇ ಪದೇ ಕೈ ಕೊಡ್ತಿದೆ. ನೀವೇನಾದ್ರೂ ನೋಡಿದ್ರಾ?"

"ನಾನು ನೋಡಿದ್ದು ಪ್ರಿಂಟರ್ ಮಾತ್ರ ಸರ್."

ಸರ್! ಬಾಯಿ ತಪ್ಪಿ ಬಂತು. ಬಸ್ಸಿನಲ್ಲಿ ಮನೆಗೆ ಬರುವವರೆಗೂ ನನ್ನ ನಾಲಿಗೆಯನ್ನೇ ಬೈದುಕೊಂಡೆ.

ಬ್ಲ್ಯಾಕ್‌ಟೌನಿನ ವಿಷಯ ಎತ್ತುತ್ತಾನೇನೋ ಅಂತ ಕಾದೆ. ಎತ್ತಲಿಲ್ಲ. ಡಬ್ಬಿಯಿಂದ ಕೋಡುಬಳೆ ತೆಗೆದು ಮುಂದೆ ಹಿಡಿದ. ಬೇಡ ಅಂದೆ.

ಮಾರ್ಚ್ 26, ಬುಧವಾರ

ಆಯಿತು. ನಾನು ಕಾದಿದ್ದು ಆಯಿತು.

27 ಮತ್ತೆ ಮಲಗಿತ್ತು. ಬೆಳಿಗ್ಗೆ ಗುರುದತ್ತ ಬಂದು ಮೂರನೇ ಸಲ ರೀಸೆಟ್ ಮಾಡಿ, ಏನೂ ಬರೆಯದೆ ಇನ್ನೊಂದು ಕಡೆ ಓಡಿದ್ದ. ಹತ್ತಕ್ಕೆ ಜೆನಿಸ್ ಅವನಿಗೆ ಫೋನ್ ಮಾಡಿದಳು, ಸ್ಪೀಕರಿನಲ್ಲಿ. ನಾನು ಪಕ್ಕದಲ್ಲೇ ನಿಂತಿದ್ದೆ.

"ಸರ್, ಮಶೀನ್ ಸರಿ ಇದೆ ಅಂತ ನೀವು ಬರೆದು ಕೊಡ್ಲೇ ಇಲ್ಲ. ಓಪನ್ ಮಾಡ್ಲಾ ಬೇಡ್ವಾ?"

"ಮಾಡಮ್ಮಾ, ಎಲ್ಲ ಸರಿ ಇದೆ. ಮಧ್ಯಾಹ್ನ ಬಂದು ಬರೆದು ಕೊಡ್ತೀನಿ."

ಅವಳು ನನ್ನ ಮುಖ ನೋಡಿದಳು. "ನೀನೇನಂತಿ?"

"ಅವರ ಮಶೀನು, ಅವರೇ ಹೇಳಿದ್ಮೇಲೆ ನಂದೇನು?"

ಹನ್ನೊಂದೂವರೆಗೆ ಎಲೆನಿ ಅನ್ನುವ ಗ್ರೀಕ್ ಅಜ್ಜಿ 27ರ ಮುಂದೆ ಕೂತಿದ್ದಳು. ಡಬ್ಬಿ ತುಂಬುವ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವಳು, ವಾರಕ್ಕೊಮ್ಮೆ ಬರುತ್ತಾಳೆ. ಮಶೀನು ಕುಣಿಯಲಿಕ್ಕೆ ಶುರುಮಾಡಿತು, ದೊಡ್ಡ ಗೆಲುವು. ಅಜ್ಜಿ ಎದ್ದು ನಿಂತು ಎರಡೂ ಕೈ ಎತ್ತಿದಳು. ಅಷ್ಟರಲ್ಲಿ ಕ್ಲಬ್ಬಿನ ಅಡುಗೆಮನೆಯಲ್ಲಿ ಯಾವುದೋ ಸ್ವಿಚ್ ಹಾಕಿದರು, ಕರೆಂಟು ಒಂದು ಸಲ ಮಿಟುಕಿತು. ಇಡೀ ಸಾಲು ಆರಿ ಮತ್ತೆ ಬಂತು. 27ರಲ್ಲಿ ಬರೀ 'ಮೆಮೊರಿ ಎರರ್'. ಗೆದ್ದ ಸುದ್ದಿ ಸೆಂಟ್ರಲ್ ಕಂಪ್ಯೂಟರಿಗೂ ತಲುಪಿರಲಿಲ್ಲ. ಕ್ಯಾಮೆರಾದಲ್ಲಿ ಅಜ್ಜಿ ಕೈ ಎತ್ತಿದ್ದು ಕಾಣುತ್ತದೆ, ಸ್ಕ್ರೀನು ಕಾಣುವುದಿಲ್ಲ.

ಮಶೀನಿಗೆ ಬೀಗ ಹಾಕಿ ಲೈಸೆನ್ಸ್ ಆಫೀಸಿಗೆ ತಿಳಿಸಿದ್ದಾರೆ. ವಿಚಾರಣೆ ಆಗುತ್ತದಂತೆ. ಮೂರು ರೀಸೆಟ್, ಒಂದಕ್ಕೂ ರೀಡಿಂಗ್ ಇಲ್ಲ. ಇನ್ನು ಗುರುದತ್ತನನ್ನು ಯಾವ ದೇವರೂ ಉಳಿಸಲಾರ.

ಮಾರ್ಚ್ 27, ಗುರುವಾರ

ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿದೆ. ರಜಾ ಹಾಕಿ ಬಿಸಿಬೇಳೆಬಾತ್ ಮಾಡಿಕೊಂಡೆ. ಉಪ್ಪು ಹಾಕುವುದು ಮರೆತೆ. ಹಾಗೇ ತಿಂದೆ.

ಮಾರ್ಚ್ 31, ಸೋಮವಾರ

ಜೆನಿಸ್‌ಳನ್ನು ಸಸ್ಪೆಂಡ್ ಮಾಡಿದ್ದಾರೆ.

ಬರವಣಿಗೆಯಲ್ಲಿ ಒಪ್ಪಿಗೆ ಇಲ್ಲದೆ ಮಶೀನು ಓಪನ್ ಮಾಡಿದ್ದು ಅವಳ ತಪ್ಪಂತೆ. ಓಪನ್ ಮಾಡಿ ಅಂತ ಗುರುದತ್ತ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ ಅಂತ ಅವನ ಕಂಪನಿಯವರು ಕೇಳಿದ್ದಾರೆ. ಸಂಜೆ ಮನೆಗೇ ಬಂದಳು. ಚಪ್ಪಲಿ ಬಿಡಲಿಕ್ಕೂ ಮರೆತು ಸೋಫಾದ ಮೇಲೆ ಕೂತಳು.

"ನೀನು ಪಕ್ಕದಲ್ಲೇ ಇದ್ದಿ ಅಲ್ವಾ? ಅವರು ಹೇಳಿದ್ದು ಕೇಳಿಸ್ತು ಅಂತ ಒಂದು ಮಾತು ಹೇಳು, ಸಾಕು."

ಪಕ್ಕದಲ್ಲಿ ನಿಂತಿದ್ದೆ ಅಂದರೆ, ಗೊತ್ತಿದ್ದೂ ಯಾಕೆ ತಡೆಯಲಿಲ್ಲ ಅಂತ ಕೇಳುತ್ತಾರೆ. ಅಲ್ಲಿಂದ ಬ್ಯಾಟರಿಗೆ ಬರುತ್ತಾರೆ.

"ಪ್ರಿಂಟರ್ ಸದ್ದಿತ್ತು ಜೆನಿಸ್. ಸರಿಯಾಗಿ ಕೇಳಿಸ್ಲಿಲ್ಲ."

ಅವಳು ಜಗಳ ಮಾಡಲಿಲ್ಲ. "ಹೌದಾ" ಅಂದು, ಕಾಫಿ ಕುಡಿಯದೆ ಹೋದಳು.

ಇದಕ್ಕೂ ಗುರುದತ್ತನೇ ಕಾರಣ. ಬರೆದು ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ? ಅವನ ಲೈಸೆನ್ಸ್ ಹೋದ ಮೇಲೆ ಜೆನಿಸ್‌ದೂ ಸರಿಹೋಗುತ್ತದೆ. ಹೋಗಲೇಬೇಕು.

ಏಪ್ರಿಲ್ 2, ಬುಧವಾರ

ಕ್ಲಬ್ಬಿನ ಬಾಗಿಲಲ್ಲಿ ಆ ಅಜ್ಜಿ ನನ್ನ ತೋಳು ಹಿಡಿದುಕೊಂಡಳು. ಮಶೀನು ರಿಪೇರಿ ಮಾಡುವ ಹುಡುಗಿ ನೀನೇ ತಾನೆ, ನಾನು ಸುಳ್ಳುಗಾರ್ತಿಯಲ್ಲ, ಅವರಿಗೆ ಹೇಳು ಅಂದಳು. ತನ್ನ ಇಂಗ್ಲಿಷು ಅರ್ಥವಾಗಲಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದಳು. ಕೈ ಬಿಡಿಸಿಕೊಂಡು ಒಳಗೆ ಹೋದೆ. ಅಂಗಿಯ ತೋಳು ಮುದುಡಿಹೋಗಿತ್ತು, ಮನೆಗೆ ಬಂದು ಎರಡು ಸಲ ಇಸ್ತ್ರಿ ಮಾಡಿದೆ.

ಏಪ್ರಿಲ್ 5, ಶನಿವಾರ

ಆದ್ಯಾಳಿಗೆ ಫೋನ್ ಮಾಡಿದ್ದೆ. ಮಂಗಳವಾರ ವಿಚಾರಣೆ, ಅವನ ಕಥೆ ಮುಗಿಯಿತು ಅಂತ ಹೇಳುತ್ತಿದ್ದೆ. ಮಧ್ಯದಲ್ಲೇ, "ಅಮ್ಮಾ, ಯು ಓನ್ಲಿ ಟಾಕ್ ಅಬೌಟ್ ದಟ್ ಅಂಕಲ್ ನೌ" ಅಂದಳು. ಈಜಿನಲ್ಲಿ ಸ್ಕೂಲ್ ಟೀಮಿಗೆ ಸೇರಿದ್ದಾಳಂತೆ, ಎರಡು ವಾರವಾಯಿತಂತೆ. ನನಗೆ ಯಾರೂ ಹೇಳಲಿಲ್ಲ ಅಂತ ರೇಗಿದೆ. ಅವರಪ್ಪ ಫೋನ್ ತೆಗೆದುಕೊಂಡು, "ಹೋದ ವಾರವೇ ಹೇಳಿದ್ಲಲ್ಲೇ" ಅಂದರು.

ಏಪ್ರಿಲ್ 8, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕ್ಲಬ್ಬಿನ ಮಹಡಿಯ ಮೀಟಿಂಗ್ ರೂಮು. ಲೈಸೆನ್ಸ್ ಆಫೀಸಿನಿಂದ ಬಂದ ಹೆಂಗಸು ಮಧ್ಯದಲ್ಲಿ, ಈ ಕಡೆ ನಾನು, ಆ ಕಡೆ ಗುರುದತ್ತ. ಜೆನಿಸ್ ಕಿಟಕಿಯ ಹತ್ತಿರ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆ ಹೆಂಗಸು ನಿಧಾನವಾಗಿ ಫೋಟೋ ಒಂದನ್ನು ಮುಂದೆ ತಳ್ಳಿದಳು. "ಬೋರ್ಡಿನ ಮೇಲೆ ಮಾರ್ಚ್ 7ರ ಸೀಲಿದೆ, ನಿಮ್ಮ ಇನಿಶಿಯಲ್. ಒಳಗಿನ ಬ್ಯಾಟರಿ ಸತ್ತಿದೆ. ಅವತ್ತು ನೀವು ಏನು ನೋಡಿದಿರಿ?"

ಉತ್ತರ ಸಿದ್ಧವಾಗಿತ್ತು. ಬರೀ ತಂತಿಗಳನ್ನು ನೋಡಿದೆ, ಬ್ಯಾಟರಿ ಅಳೆಯಲಿಲ್ಲ. ವಾರವಿಡೀ ಕನ್ನಡಿಯ ಮುಂದೆ ಹೇಳಿಕೊಂಡಿದ್ದೆ. ಬಾಯಿ ತೆಗೆಯುವಷ್ಟರಲ್ಲಿ ಗುರುದತ್ತ ಕೈ ಎತ್ತಿದ.

"ಅವರು ಅವತ್ತೇ ಫೋನ್ ಮಾಡಿ ಬ್ಯಾಟರಿ ವೀಕ್ ಇದೆ ಅಂತ ನನಗೆ ಹೇಳಿದ್ದರು. ನಾನು ಉದಾಸೀನ ಮಾಡಿದೆ. ತಪ್ಪು ಪೂರ್ತಿ ನನ್ನದು."

ಹಸಿ ಸುಳ್ಳು. ನನ್ನ ಹತ್ತಿರ ಅವನ ನಂಬರೂ ಇಲ್ಲ. ಆ ಹೆಂಗಸು ಬರೆದುಕೊಂಡಳು. ಟೀಗೆ ಅಂತ ಹತ್ತು ನಿಮಿಷ ಬಿಟ್ಟರು.

ಕಾರಿಡಾರಿನಲ್ಲಿ ಅಡ್ಡ ನಿಂತೆ. "ಯಾಕೆ ಹಾಗೆ ಹೇಳಿದ್ರಿ?"

ಕನ್ನಡಕ ತೆಗೆದು ಒರೆಸಿಕೊಂಡ. "ಸೀಲು ಅವತ್ತೇ ನೋಡಿದ್ದೆ ಅನಸೂಯ, 27 ಕೈ ಕೊಡ್ತಿದೆ ಅಂತ ನಿಮ್ಮನ್ನ ಕೇಳಿದ ದಿನ. ನೀವು ಪ್ರಿಂಟರ್ ಮಾತ್ರ ಅಂದ್ರಿ. ಬ್ಯಾಟರಿ ಇರ್ಬಹುದಾ ಅಂತ ನನಗೂ ಅನ್ನಿಸ್ತು. ಆದ್ರೆ ನೀವು ಒಳಗೆ ನೋಡಿ ಬಿಟ್ಟಿದ್ದೀರಿ ಅಂದ್ಮೇಲೆ ಅಲ್ಲೇನೂ ಇರಲ್ಲ ಅಂದ್ಕೊಂಡೆ. ನಿಮ್ಮ ಕೆಲಸ ಯಾವತ್ತೂ ಹಾಗೇ ಇತ್ತಲ್ಲ. ಇರ್ಲಿ ಬಿಡಿ. ನನ್ನ ಕಣ್ಣು ಹೇಗೂ ಹೋಗಿದೆ, ಈ ಕೆಲಸ ಇನ್ನು ಆಗಲ್ಲ. ಅವತ್ತು ನಿಮಗೆ ಮಾಡಿದ್ದಕ್ಕೆ ಇದು ಸರಿಹೋಯ್ತು ಅಂದ್ಕೊಳ್ಳಿ."

ಸರಿಹೋಯಿತಂತೆ! ಎರಡು ವರ್ಷ ಮಗಳನ್ನು ಬಿಟ್ಟಿದ್ದು ಒಂದು ಸುಳ್ಳಿನಿಂದ ಸರಿಹೋಯಿತಂತೆ. ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಅವನು ನನ್ನ ಕಾಲು ಹಿಡಿಯುತ್ತಾನೆ ಅಂತ ಕಾದಿದ್ದೆ. ಅವನು ನನಗೆ ಉಪಕಾರ ಮಾಡಿ ದೊಡ್ಡವನಾಗಲಿಕ್ಕೆ ಹೊರಟಿದ್ದಾನೆ. ಇನ್ನು ಸಾಯುವವರೆಗೆ ನಾನು ಅವನ ದಯೆಯಿಂದ ಉಳಿದವಳು.

"ನಿಮ್ಮ ಭಿಕ್ಷೆ ನನಗೆ ಬೇಡ. ಬ್ಲ್ಯಾಕ್‌ಟೌನಿಂದು ಹೇಳಿ. ಅದೊಂದು ನಿಜ ಹೇಳಿ, ಸಾಕು."

"ಅದು ಹಳೇದಾಯ್ತಲ್ಲಮ್ಮ, ಈಗ್ಯಾಕೆ?"

ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಗುರುದತ್ತನೂ ಹಿಂದೆಯೇ ಬಂದು ತನ್ನ ಕುರ್ಚಿಯಲ್ಲಿ ಕೂತ. ಟೀ ಕುಡಿಯುತ್ತಿದ್ದವರೆಲ್ಲ ತಲೆ ಎತ್ತಿದರು. ಕೂರದೆ ಹೇಳಿದೆ. ಈ ಮನುಷ್ಯ ಹೇಳಿದ್ದು ಸುಳ್ಳು, ನಾನು ಫೋನ್ ಮಾಡಲಿಲ್ಲ. ಬ್ಯಾಟರಿ ಅಳೆದೆ, ಸತ್ತಿದೆ ಅಂತ ಗೊತ್ತಿತ್ತು, ಬೇಕಂತಲೇ ಬಿಟ್ಟೆ, ಇವರ ಲೈಸೆನ್ಸ್ ಹೋಗಲಿ ಅಂತ. ಮಾರ್ಚ್ 26ಕ್ಕೆ ಓಪನ್ ಮಾಡಿ ಅಂತ ಇವರು ಸ್ಪೀಕರಿನಲ್ಲಿ ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿದ್ದೇನೆ, ಜೆನಿಸ್‌ದು ಏನೂ ತಪ್ಪಿಲ್ಲ. ಎಲೆನಿ ಗೆದ್ದದ್ದು ನಿಜ. ಆಮೇಲೆ ಅವನ ಕಡೆ ಬೆರಳು ತೋರಿಸಿ ಬ್ಲ್ಯಾಕ್‌ಟೌನಿನ ಕಥೆಯನ್ನೂ ಹೇಳಿದೆ. ಹಲ್ಲಿನ ಡಾಕ್ಟರಿಂದ ಹಿಡಿದು ಎಲ್ಲ.

ಆ ಹೆಂಗಸು ಗುರುದತ್ತನನ್ನು ನೋಡಿದಳು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ "ಯೆಸ್" ಅಂದ. "ದಟ್ ಈಸ್ ಕರೆಕ್ಟ್."

ಅವನಿಗೆ ಬುದ್ಧಿ ಕಲಿಸಲಿಕ್ಕೆ ಹೇಳಿದ್ದು, ಇನ್ಯಾವುದಕ್ಕೂ ಅಲ್ಲ.

ಏಪ್ರಿಲ್ 11, ಶುಕ್ರವಾರ

ನನ್ನ ಲೈಸೆನ್ಸ್ ಮೂರು ತಿಂಗಳು ಸಸ್ಪೆಂಡ್. ಗುರುದತ್ತ ಅವರದ್ದು ರದ್ದು. ಅಜ್ಜಿಗೆ ಕೊಡಬೇಕಾದ್ದನ್ನು ಕ್ಲಬ್ಬಿನವರು ಕೊಡುತ್ತಾರಂತೆ. ಜೆನಿಸ್ ಸೋಮವಾರದಿಂದ ಕೆಲಸಕ್ಕೆ.

ಸಂಜೆ ಅವಳ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. "ಕೊನೆಗೆ ಹೇಳಿದಿ, ಅದಕ್ಕೆ ಥ್ಯಾಂಕ್ಸ್. ಆದ್ರೆ ಅವತ್ತು ನಿನ್ನ ಮನೇಲಿ ಕೂತು ಕೇಳಿದ್ದೆ ಅಲ್ವಾ ನಾನು? ಸ್ವಲ್ಪ ದಿನ ಬೇಕು ನನಗೆ." ಸರಿ ಅಂದೆ.

ಏಪ್ರಿಲ್ 19, ಶನಿವಾರ. ಪೆಂಡಲ್ ಹಿಲ್

ರಾತ್ರಿ ಬಸ್ಸಿನಲ್ಲಿ ಬಂದೆ. ಸ್ಕೂಲಿಗೆ ರಜೆ. ಆದ್ಯಾ ನನಗಿಂತ ಎರಡು ಬೆರಳು ಎತ್ತರ ಬೆಳೆದಿದ್ದಾಳೆ. ಸ್ಟೇಶನ್ ಎದುರಿನ ಅಂಗಡಿಯಲ್ಲಿ ಅವರೆಕಾಳು ತೆಗೆದುಕೊಂಡು ಇಬ್ಬರೂ ನಡೆದೇ ಮನೆಗೆ ಬಂದೆವು. ದಾರಿಯಲ್ಲಿ ಈಜಿನ ಕೋಚ್ ಬಗ್ಗೆ ಹೇಳುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ.

ಗುರುದತ್ತ ಅವರಿಂದ ಮೆಸೇಜ್ ಬಂದಿದೆ. ಬ್ಲ್ಯಾಕ್‌ಟೌನಿನ ವಿಷಯ ಬರೆದು ಸಿಡ್ನಿಯ ಹಳೇ ಕಂಪನಿಗೂ ಲೈಸೆನ್ಸ್ ಆಫೀಸಿಗೂ ಕಳಿಸುತ್ತಾರಂತೆ. ಜೆನಿಸ್ ನನ್ನ ನಂಬರ್ ಕೊಟ್ಟಳಂತೆ. 'ನನಗೆ ತೋರಿಸದೆ ಕಳಿಸಬೇಡಿ' ಅಂತ ಉತ್ತರ ಹಾಕಿದೆ.

ಏಪ್ರಿಲ್ 23, ಬುಧವಾರ

ಕೈಯಲ್ಲಿ ಬರೆದ ಪತ್ರದ ಫೋಟೋ ಬಂತು, ಪ್ರಿಂಟ್ ತೆಗೆದು ಓದಿದೆ. 'ಗೊಂದಲದಿಂದಾಗಿ ತಪ್ಪು ಹೆಸರು ದಾಖಲಾಯಿತು' ಅಂತ ಬರೆದಿದ್ದಾರೆ. ಗೊಂದಲವಂತೆ, ದಾಖಲಾಯಿತಂತೆ! ತಾನಾಗಿ ಆಯಿತೇನು? ಕೆಂಪು ಪೆನ್ನಿನಲ್ಲಿ ಗೀಟು ಎಳೆದು, ಫೋಟೋ ತೆಗೆದು ವಾಪಸ್ ಕಳಿಸಿದೆ.

ಏಪ್ರಿಲ್ 28, ಸೋಮವಾರ

ಎರಡನೇದು. 'ನಾನೇ ಅವರ ಹೆಸರು ಬರೆದೆ' ಅಂತಿದೆ, ಸರಿ. ಆದರೆ ತಾರೀಖು ತಪ್ಪು. ಮತ್ತೆ ಬರೆಯಿರಿ ಅಂದೆ. "ಕಣ್ಣು ಸರಿ ಕಾಣಲ್ಲಮ್ಮ, ಒಂದು ಪುಟಕ್ಕೆ ಅರ್ಧ ದಿನ ಬೇಕಾಗುತ್ತೆ" ಅಂತ ವಾಯ್ಸ್ ಮೆಸೇಜ್. ಬೇಕಾಗಲಿ. ನನಗೇನೂ ಆತುರವಿಲ್ಲ.

ನಮ್ಮವರು ಬಸ್ ಡ್ಯೂಟಿಗೆ ಹೊರಟವರು ಬಾಗಿಲಲ್ಲಿ ನಿಂತು, "ಟೈಪ್ ಮಾಡಿಸಿ ಕಳಿಸ್ಲಿ ಬಿಡೇ ಪಾಪ" ಅಂದರು. ಪಾಪ ಗೀಪ ಏನಿಲ್ಲ, ಕೈಯಲ್ಲೇ ಬರೆಯಬೇಕು ಅಂದೆ.

ಮೇ 3, ಶನಿವಾರ

ಮೂರನೇದು ಬಂತು. ಅಕ್ಷರ ದೊಡ್ಡದಾಗಿ, ಸಾಲು ಮೇಲೆ ಕೆಳಗೆ ಆಗಿದೆ. ಒಂದು ಪುಟದ್ದು ಮೂರು ಪುಟವಾಗಿದೆ. ನಾನು ಎಲ್ಲಿದ್ದೆ, ಅವರೇನು ಹೇಳಿ ಕಳಿಸಿದ್ದರು, ಯಾಕೆ ನನ್ನ ಹೆಸರು ಬರೆದರು, ಎಲ್ಲ ಇದೆ. 'ಹೆದರಿಕೆಯಿಂದ' ಅಂತ ಬರೆದಿದ್ದಾರೆ.

ಕೆಂಪು ಪೆನ್ನು ಹಿಡಿದು ಅಡುಗೆಮನೆಯ ಟೇಬಲ್ಲಿನ ಹತ್ತಿರ ಕೂತೆ. ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದೆ. ತಪ್ಪು ಹುಡುಕಿದೆ. ತಾರೀಖು ನೋಡಿದೆ, ಪಬ್ಬಿನ ವಿಳಾಸ ನೋಡಿದೆ, ನನ್ನ ಹೆಸರಿನ ಸ್ಪೆಲ್ಲಿಂಗ್ ನೋಡಿದೆ.

ಒಂದೂ ಸಿಗಲಿಲ್ಲ.

"ಅಮ್ಮಾ, ವಿ ಆರ್ ಲೇಟ್" ಅಂತ ಆದ್ಯಾ ಹೊರಗಿನಿಂದ ಕೂಗಿದಳು. 'ಇದನ್ನು ಕಳಿಸಿ' ಅಂತ ಮೆಸೇಜ್ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ, ಅವಳ ಈಜಿಗೆ ಹೊರಟೆ.